ರಷ್ಯನ್ ಮಹಾಕಾದಂಬರಿಗಳು ತೆರೆಯ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟೊಂದು ಚಿತ್ರಗಳೂ ಧಾರಾವಾಹಿಗಳೂ ಇರುವಾಗ ಯಾವುದರಿಂದ ಆರಂಭಿಸಬೇಕು?

ನಿಮಗೆ ಎಷ್ಟು ಬಿಡುವಿದೆ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಒಂದೇ ಸಂಜೆಯ ಬಿಡುವಿದ್ದರೆ ಇವಾನ್ ಪಿರ್ಯೆವ್ 1958ರಲ್ಲಿ ತೆಗೆದ ‘ಇಡಿಯಟ್’ ನೋಡಿ. ಅದು ಎರಡು ಗಂಟೆಯ ಚಿತ್ರ, ಕಾದಂಬರಿಯ ಮೊದಲ ಭಾಗವನ್ನಷ್ಟೇ ಹೇಳುತ್ತದೆ, ಆದರೆ ದಾಸ್ತೋವ್‌ಸ್ಕಿಯ ಲೋಕದ ಕಾವು ಎಂಥದು ಎಂಬುದನ್ನು ಮೊದಲ ಅರ್ಧ ಗಂಟೆಯಲ್ಲೇ ತಿಳಿಸಿಬಿಡುತ್ತದೆ. ನಾಲ್ಕು ಸಂಜೆಗಳನ್ನು ಮೀಸಲಿಡಬಲ್ಲವರು ಸೆರ್ಗೆಯ್ ಬೊಂದಾರ್ಚುಕ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ದಿನಕ್ಕೊಂದು ಭಾಗದಂತೆ ನೋಡಬಹುದು. ಕಾಲದ ಚಿಂತೆಯೇ ಇಲ್ಲದವರಿಗೆ ವ್ಲಾದಿಮಿರ್ ಬೊರ್ತ್‌ಕೊ ಅವರ ಹತ್ತು ಕಂತುಗಳ ‘ಇಡಿಯಟ್’ (2003) ಇದೆ. ಇಂಗ್ಲಿಷ್ ಮಾತಿನ ಚಿತ್ರಗಳಿಂದ ಆರಂಭಿಸಿದರೆ ತಪ್ಪೇನೂ ಇಲ್ಲ, ಆದರೆ ಅವುಗಳಲ್ಲಿ ಹೆಚ್ಚಿನವು ಪ್ರೇಮಕಥೆಯನ್ನು ಮಾತ್ರ ಎತ್ತಿಕೊಂಡು ಉಳಿದದ್ದನ್ನು ಕೈಬಿಡುತ್ತವೆ ಎಂಬುದು ಗೊತ್ತಿರಲಿ.

ಕಾದಂಬರಿ ಓದದೆ ಚಿತ್ರ ನೋಡಿದರೆ ಅರ್ಥವಾಗುವುದೇ?

‘ಅಪರಾಧ ಮತ್ತು ಶಿಕ್ಷೆ’ಯಂಥ ಒಂದೇ ಎಳೆಯ ಕಥೆ ಅರ್ಥವಾಗುತ್ತದೆ. ಟಾಲ್‌ಸ್ಟಾಯ್ ವಿಷಯದಲ್ಲಿ ಸ್ವಲ್ಪ ತೊಡಕಿದೆ. ‘ಯುದ್ಧ ಮತ್ತು ಶಾಂತಿ’ಯ ಸೋವಿಯತ್ ಚಿತ್ರವು ತನ್ನ ಪ್ರೇಕ್ಷಕರು ಶಾಲೆಯಲ್ಲೇ ಈ ಕಥೆಯನ್ನು ಓದಿರುತ್ತಾರೆ ಎಂಬ ಭರವಸೆಯಲ್ಲಿ ತಯಾರಾದದ್ದು, ಯಾರು ಯಾರ ಮಗ, ಯಾರ ಆಸ್ತಿಗೆ ಯಾರು ಬಾಯಿಬಿಡುತ್ತಿದ್ದಾರೆ ಎಂಬುದನ್ನು ಅದು ನಿಂತು ವಿವರಿಸುವುದಿಲ್ಲ. ಬೊಲ್ಕೊನ್‌ಸ್ಕಿ, ರೊಸ್ತೊವ್, ಬೆಜುಖೊವ್, ಕುರಾಗಿನ್ ಎಂಬ ನಾಲ್ಕು ಮನೆತನಗಳ ಸದಸ್ಯರ ಪಟ್ಟಿಯನ್ನು ಒಮ್ಮೆ ಓದಿಕೊಂಡು ಕುಳಿತರೆ ಸಾಕು. ಒಬ್ಬನೇ ವ್ಯಕ್ತಿಯನ್ನು ಮನೆಯವರು ಮುದ್ದಿನ ಹೆಸರಿನಿಂದಲೂ, ಪರಿಚಿತರು ಅವನ ಹೆಸರಿಗೆ ತಂದೆಯ ಹೆಸರನ್ನು ಸೇರಿಸಿಯೂ, ಅಧಿಕಾರಿಗಳು ಕುಲನಾಮದಿಂದಲೂ ಕರೆಯುವುದರಿಂದ ಮೊದಲ ಒಂದು ಗಂಟೆ ಗಲಿಬಿಲಿಯಾಗುವುದು ಸಹಜ.

ಬೊಂದಾರ್ಚುಕ್ ಅವರ ‘ಯುದ್ಧ ಮತ್ತು ಶಾಂತಿ’ಗೆ ಅಷ್ಟೊಂದು ಹೆಸರು ಏಕೆ?

ಅದರ ಹುಟ್ಟಿನ ಹಿಂದೆಯೇ ಒಂದು ಪೈಪೋಟಿಯಿದೆ. 1956ರಲ್ಲಿ ಕಿಂಗ್ ವಿಡೋರ್ ನಿರ್ದೇಶನದಲ್ಲಿ, ನಾಯಕಿ ನತಾಶಾಳಾಗಿ ಆಡ್ರಿ ಹೆಪ್‌ಬರ್ನ್ ಮತ್ತು ಪಿಯರ್ ಆಗಿ ಹೆನ್ರಿ ಫೋಂಡಾ ನಟಿಸಿದ ಮೂರೂವರೆ ಗಂಟೆಯ ಚಿತ್ರ ಬಂದಿತು, ಅದು ಸೋವಿಯತ್ ಒಕ್ಕೂಟದಲ್ಲೂ ತೆರೆಕಂಡು ಜನರನ್ನು ಸೆಳೆಯಿತು. ರಷ್ಯನ್ನರ ರಾಷ್ಟ್ರೀಯ ಮಹಾಕಾವ್ಯದಂತಿರುವ ಕೃತಿಯನ್ನು ಅಮೆರಿಕನ್ನರು ತೆಗೆದು ತಮಗೆ ತೋರಿಸುವುದು ಮಾಸ್ಕೋದ ಸಂಸ್ಕೃತಿ ಇಲಾಖೆಗೆ ಸಹಿಸಲಾಗದ ಸಂಗತಿಯಾಯಿತು. ನೆಪೋಲಿಯನ್ ವಿರುದ್ಧ ರಷ್ಯಾ ನಡೆಸಿದ 1812ರ ಯುದ್ಧದ ನೂರೈವತ್ತನೆಯ ವರ್ಷವೂ ಹತ್ತಿರವಾಗುತ್ತಿತ್ತು. ಹಿರಿಯ ನಿರ್ದೇಶಕರು ಹಲವರಿದ್ದರೂ ಅದುವರೆಗೆ ಒಂದೇ ಒಂದು ಚಿತ್ರವನ್ನು ನಿರ್ದೇಶಿಸಿದ್ದ ನಟ ಬೊಂದಾರ್ಚುಕ್ ಅವರಿಗೆ ಕೆಲಸ ಒಪ್ಪಿಸಲಾಯಿತು. ಆ ಯುದ್ಧದ ಬೊರೊದಿನೊ ಕದನ ನಡೆದ ದಿನವೇ, ಅಂದರೆ 1962ರ ಸೆಪ್ಟೆಂಬರ್ 7ರಂದು, ಚಿತ್ರೀಕರಣ ಆರಂಭವಾಯಿತು.

ಚಿತ್ರೀಕರಣ ವರ್ಷಗಟ್ಟಲೆ ನಡೆಯಿತು. ದೇಶದ ವಸ್ತುಸಂಗ್ರಹಾಲಯಗಳು ಅಂದಿನ ಕಾಲದ ಪೀಠೋಪಕರಣಗಳನ್ನೂ ಚಿತ್ರಪಟಗಳನ್ನೂ ಎರವಲು ಕೊಟ್ಟವು, ಸೇನೆ ಒಂದು ಅಶ್ವದಳವನ್ನೇ ಕಟ್ಟಿಕೊಟ್ಟಿತು. ಸೋವಿಯತ್ ಫಿಲ್ಮ್ ಸುರುಳಿಯ ಗುಣಮಟ್ಟ ಕೆಟ್ಟದಾಗಿದ್ದ ಕಾರಣ ಎಷ್ಟೋ ದೃಶ್ಯಗಳನ್ನು ಮತ್ತೆ ತೆಗೆಯಬೇಕಾಯಿತು. ಪಿಯರ್ ಪಾತ್ರವನ್ನೂ ತಾವೇ ಹೊತ್ತಿದ್ದ ಬೊಂದಾರ್ಚುಕ್ 1964ರಲ್ಲಿ ಹೃದಯಾಘಾತಕ್ಕೆ ಒಳಗಾದರು. ನತಾಶಾಳ ಪಾತ್ರಕ್ಕೆ ಲೆನಿನ್‌ಗ್ರಾಡಿನ ಬ್ಯಾಲೆ ನರ್ತಕಿ ಲ್ಯುದ್ಮಿಲಾ ಸಾವೆಲ್ಯೆವಾ ಬಂದರು. ಮೊದಲ ನೃತ್ಯಕೂಟದ ದೃಶ್ಯದಲ್ಲಿ ಛಾಯಾಗ್ರಾಹಕ ಅನತೋಲಿ ಪೆತ್ರಿತ್‌ಸ್ಕಿ ಕಾಲಿಗೆ ಗಾಲಿಗಳನ್ನು ಕಟ್ಟಿಕೊಂಡು ಕುಣಿಯುವವರ ನಡುವೆ ಜಾರುತ್ತ ಚಿತ್ರಿಸಿದರು. ಅದನ್ನು ನೋಡುವಾಗ ನಾವು ಸಭೆಯ ಅಂಚಿನಲ್ಲಿ ನಿಂತ ಪ್ರೇಕ್ಷಕರಾಗಿ ಉಳಿಯುವುದಿಲ್ಲ, ಮೊದಲ ಬಾರಿಗೆ ಕುಣಿಯುತ್ತಿರುವ ಹುಡುಗಿಯ ತಲೆಸುತ್ತು ನಮ್ಮದೂ ಆಗುತ್ತದೆ. ಟಾಲ್‌ಸ್ಟಾಯ್ ಪುಟಗಟ್ಟಲೆ ಮನಸ್ಸಿನೊಳಗಿಂದ ಹೇಳಿದ್ದನ್ನು ಕ್ಯಾಮೆರಾದ ಚಲನೆಯಿಂದಲೇ ಹೇಳಿದ ಉದಾಹರಣೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. 1966–67ರಲ್ಲಿ ನಾಲ್ಕು ಭಾಗಗಳಾಗಿ ಬಿಡುಗಡೆಯಾದ ಚಿತ್ರ 1969ರ ಸಮಾರಂಭದಲ್ಲಿ ಅತ್ಯುತ್ತಮ ವಿದೇಶೀ ಭಾಷಾ ಚಿತ್ರಕ್ಕಾಗಿ ಆಸ್ಕರ್ ಪಡೆಯಿತು.

ಕೊರತೆಯೂ ಇದೆ. ಇತಿಹಾಸವನ್ನು ನಡೆಸುವವರು ಯಾರು ಎಂಬ ಟಾಲ್‌ಸ್ಟಾಯ್ ಅವರ ದೀರ್ಘ ವಾದ ಇಲ್ಲಿ ಆಗಾಗ ಕೇಳಿಬರುವ ನಿರೂಪಕನ ಗಂಭೀರ ದನಿಯಾಗಿ ಕುಗ್ಗಿದೆ, ಆ ದನಿ ಕೆಲವೊಮ್ಮೆ ಪಾಠ ಹೇಳುವಂತೆ ಕೇಳಿಸುತ್ತದೆ. ನಿಕೊಲಾಯ್ ರೊಸ್ತೊವ್ ಮತ್ತು ಮಾರ್ಯಾರ ಕಥೆಯನ್ನು ಹೆಚ್ಚುಕಡಿಮೆ ಬಿಟ್ಟೇಬಿಡಲಾಗಿದೆ.

ಆ ಚಿತ್ರದಲ್ಲಿ 1,20,000 ಸೈನಿಕರು ನಟಿಸಿದ್ದರು, ಹತ್ತು ಕೋಟಿ ಡಾಲರ್ ಖರ್ಚಾಗಿತ್ತು ಎನ್ನುವುದು ನಿಜವೇ?

ಎರಡೂ ಉಬ್ಬಿಸಿದ ಅಂಕಿಗಳು. ಸೈನಿಕರ ಸಂಖ್ಯೆಯನ್ನು ಬೊಂದಾರ್ಚುಕ್ ಅವರೇ ಮುಂದೆ ಅಲ್ಲಗಳೆದು, ತಮಗೆ ಸಿಕ್ಕವರು 12,000 ಮಂದಿ ಎಂದು ಹೇಳಿದ್ದರು. ಅದೇನೂ ಸಣ್ಣ ಸಂಖ್ಯೆಯಲ್ಲ. ಖರ್ಚಿನ ಲೆಕ್ಕ ಸುಮಾರು 83 ಲಕ್ಷ ರೂಬಲ್. ಆದರೆ ಸೇನೆಯ ದುಡಿಮೆಗೂ ವಸ್ತುಸಂಗ್ರಹಾಲಯಗಳ ಎರವಲಿಗೂ ಮಾರುಕಟ್ಟೆಯ ದರದಲ್ಲಿ ಹಣ ತೆರಬೇಕಿರಲಿಲ್ಲವಾದ್ದರಿಂದ ಅದನ್ನು ಹಾಲಿವುಡ್ ಬಜೆಟ್ಟಿನ ಪಕ್ಕದಲ್ಲಿಟ್ಟು ತೂಗುವುದರಲ್ಲಿ ಅರ್ಥವಿಲ್ಲ.

‘ಅನ್ನಾ ಕರೆನಿನಾ’ ಚಿತ್ರಗಳಲ್ಲಿ ಲೆವಿನ್ ಎಲ್ಲಿ ಹೋಗುತ್ತಾನೆ?

ಕಾದಂಬರಿಯ ಅರ್ಧದಷ್ಟು ಜಾಗವನ್ನು ಆಕ್ರಮಿಸಿರುವ ಲೆವಿನ್, ಅಂದರೆ ಹೊಲ ಕೊಯ್ಯುವ, ರೈತರೊಡನೆ ಜಗಳವಾಡುವ, ದೇವರಿದ್ದಾನೆಯೇ ಎಂದು ಕೊರಗುವ ಆ ಜಮೀನುದಾರ, ತೆರೆಯ ಮೇಲೆ ಸಾಮಾನ್ಯವಾಗಿ ಕಿಟಿ ಎಂಬ ಹುಡುಗಿಯ ವರನಾಗಿ ಮಾತ್ರ ಉಳಿಯುತ್ತಾನೆ. ಗ್ರೇಟಾ ಗಾರ್ಬೊ ನಟಿಸಿದ 1935ರ ಚಿತ್ರ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಅವನಿಗೆ ಎಲ್ಲಿಯ ಜಾಗ! ಅದೇ ಗಾರ್ಬೊ 1927ರಲ್ಲಿ ‘ಲವ್’ ಎಂಬ ಮೂಕಿಚಿತ್ರದಲ್ಲೂ ಅನ್ನಾ ಆಗಿದ್ದರು, ಅದಕ್ಕೆ ದುರಂತ ಬೇಡವೆನ್ನುವ ಚಿತ್ರಮಂದಿರಗಳಿಗಾಗಿ ಸುಖಾಂತ್ಯದ ಪ್ರತಿಯನ್ನೂ ಸಿದ್ಧಪಡಿಸಲಾಗಿತ್ತು.

ಇದರಲ್ಲಿ ಒಂದು ತಮಾಷೆಯಿದೆ. ಕಾದಂಬರಿ 1875ರಿಂದ 1877ರವರೆಗೆ ‘ರೂಸ್ಕಿ ವೆಸ್ತ್‌ನಿಕ್’ ಪತ್ರಿಕೆಯಲ್ಲಿ ಕಂತುಗಳಾಗಿ ಬಂದಾಗ, ಗಂಡನನ್ನು ತೊರೆದು ಪ್ರಿಯಕರನೊಡನೆ ಹೋದ ಅನ್ನಾ ರೈಲಿನಡಿ ಬಿದ್ದು ಸತ್ತ ನಂತರದ ಎಂಟನೆಯ ಭಾಗವನ್ನು ಸಂಪಾದಕ ಮಿಖಾಯಿಲ್ ಕತ್ಕೋವ್ ಪ್ರಕಟಿಸಲಿಲ್ಲ. ಸರ್ಬಿಯಾದ ಪರವಾಗಿ ಹೋರಾಡಲು ಹೊರಟ ಸ್ವಯಂಸೇವಕರ ಬಗ್ಗೆ ಅಲ್ಲಿದ್ದ ವ್ಯಂಗ್ಯ ಅವರಿಗೆ ಹಿಡಿಸಿರಲಿಲ್ಲ. ಟಾಲ್‌ಸ್ಟಾಯ್ ಅದನ್ನು ಬೇರೆಯಾಗಿಯೇ ಅಚ್ಚುಹಾಕಿಸಿದರು. ಕತ್ಕೋವ್ ಬಿಟ್ಟದ್ದನ್ನೇ ಬಹುಪಾಲು ಚಿತ್ರಗಳೂ ಬಿಟ್ಟಿವೆ: ರೈಲು ಬರುತ್ತದೆ, ಪರದೆ ಬೀಳುತ್ತದೆ. ಆದರೆ ಕಾದಂಬರಿ ಆ ಸಾವನ್ನು ದಾಟಿ, ಅದನ್ನು ಬೇಗನೆ ಮರೆಯುವ ಲೋಕವನ್ನೂ ಬದುಕುವುದಕ್ಕೆ ಕಾರಣ ಹುಡುಕುವ ಒಬ್ಬನನ್ನೂ ತೋರಿಸುತ್ತದೆ. ಅಷ್ಟನ್ನು ಕಳೆದರೆ ಅನ್ನಾಳ ಕಥೆ ನೀತಿತಪ್ಪಿದವಳಿಗೆ ಸಿಕ್ಕ ಶಿಕ್ಷೆಯಂತೆ ಕಾಣುವ ಅಪಾಯವಿದೆ.

ಹಾಗಾದರೆ ‘ಅನ್ನಾ ಕರೆನಿನಾ’ದ ಯಾವ ರೂಪ ಉತ್ತಮ?

ನಟನೆಗಾಗಿ ಅಲೆಕ್ಸಾಂದರ್ ಜಾರ್ಖಿಯವರ 1967ರ ಸೋವಿಯತ್ ಚಿತ್ರ. ತತ್ಯಾನಾ ಸಮೊಯ್ಲೊವಾ ಅವರ ಅನ್ನಾ ಅಂದಗಾತಿಯೆನ್ನುವುದಕ್ಕಿಂತ ಮಿಗಿಲಾಗಿ ಅಪಾಯಕಾರಿ, ಯಾವ ಕ್ಷಣದಲ್ಲಿ ಏನು ಮಾಡಿಬಿಡುವಳೋ ಎಂಬ ಆತಂಕ ಅವರ ಕಣ್ಣಿನಲ್ಲೇ ಇದೆ; ನಿಕೊಲಾಯ್ ಗ್ರಿತ್ಸೆಂಕೊ ಅವರ ಕರೆನಿನ್, ಅಂದರೆ ಅನ್ನಾಳ ಗಂಡ, ಹಾಸ್ಯಾಸ್ಪದನೂ ಹೌದು, ಕರುಣೆಗೆ ಅರ್ಹನೂ ಹೌದು. ನೃತ್ಯಪ್ರಿಯರಿಗೆ ಇನ್ನೊಂದು ಮಾತು: ಬೆಟ್ಸಿಯ ಸಣ್ಣ ಪಾತ್ರದಲ್ಲಿರುವವರು ಹೆಸರಾಂತ ಬ್ಯಾಲೆ ನರ್ತಕಿ ಮಾಯಾ ಪ್ಲಿಸೆತ್‌ಸ್ಕಾಯಾ.

ಕಲ್ಪನೆಗಾಗಿ ನೋಡುವುದಾದರೆ ಜೋ ರೈಟ್ ಅವರ 2012ರ ಚಿತ್ರ. ಟಾಮ್ ಸ್ಟಾಪರ್ಡ್ ಬರೆದ ಈ ರೂಪದಲ್ಲಿ ಪೀಟರ್ಸ್‌ಬರ್ಗ್ ಮತ್ತು ಮಾಸ್ಕೋದ ಕುಲೀನರ ಬದುಕೆಲ್ಲ ಒಂದು ಹಳೆಯ ರಂಗಮಂದಿರದೊಳಗೆ ನಡೆಯುತ್ತದೆ: ಕಚೇರಿ, ಕುದುರೆ ಪಂದ್ಯ, ನೃತ್ಯಕೂಟ ಎಲ್ಲವೂ ರಂಗಸಜ್ಜಿಕೆಗಳು. ಲೆವಿನ್ ತನ್ನ ಹಳ್ಳಿಗೆ ಹೊರಟಾಗ ಮಾತ್ರ ರಂಗದ ಹಿಂಬಾಗಿಲು ತೆರೆದು ನಿಜವಾದ ಹಿಮದ ಬಯಲು ಕಾಣುತ್ತದೆ. ನಗರದ ಕುಲೀನ ಬದುಕೆಲ್ಲ ನಟನೆ ಎಂಬ ಟಾಲ್‌ಸ್ಟಾಯ್ ಅವರ ತೀರ್ಪನ್ನು ಒಂದು ಮಾತೂ ಆಡದೆ ಹೀಗೆ ಹೇಳಿದ್ದು ಜಾಣತನ. ಅನ್ನಾ ಆಗಿರುವ ಕೀರಾ ನೈಟ್ಲಿ ಮತ್ತು ಅವರ ಪ್ರಿಯಕರ ವ್ರೊನ್‌ಸ್ಕಿಯ ನಡುವೆ ಬೇಕಾದಷ್ಟು ಕಾವು ಹುಟ್ಟುವುದಿಲ್ಲ ಎಂಬ ದೂರು ಹಲವರದು, ನನ್ನದೂ ಕೂಡ.

ದಾಸ್ತೋವ್‌ಸ್ಕಿ ಕಾದಂಬರಿಗಳು ತುಂಬ ಸಂಭಾಷಣೆಯಿಂದ ಕೂಡಿವೆ. ಅವನ್ನು ಚಿತ್ರವಾಗಿಸುವುದು ಸುಲಭವಲ್ಲವೇ?

ಹಾಗೆ ಕಾಣುತ್ತದೆ. ಆದರೆ ಈ ಪ್ರಶ್ನೆಗೆ ಸ್ವತಃ ಲೇಖಕರೇ ಉತ್ತರ ಕೊಟ್ಟಿದ್ದಾರೆ. 1872ರಲ್ಲಿ ವರ್ವಾರಾ ಒಬೊಲೆನ್‌ಸ್ಕಾಯಾ ಎಂಬವರು ‘ಅಪರಾಧ ಮತ್ತು ಶಿಕ್ಷೆ’ಯನ್ನು ನಾಟಕವಾಗಿಸಲು ಅನುಮತಿ ಕೇಳಿದಾಗ, ದಾಸ್ತೋವ್‌ಸ್ಕಿ ಒಪ್ಪಿಗೆ ಕೊಡುತ್ತಲೇ ಒಂದು ಎಚ್ಚರಿಕೆಯನ್ನೂ ಬರೆದರು. ಕಥನಕ್ಕೆ ಒದಗುವ ರೂಪ ನಾಟಕಕ್ಕೆ ಒದಗುವುದಿಲ್ಲ. ಕಾದಂಬರಿಯನ್ನು ಇಡಿಯಾಗಿ ರಂಗಕ್ಕೆ ತರುವ ಪ್ರಯತ್ನಗಳು ಹೆಚ್ಚಾಗಿ ಸೋಲುತ್ತವೆ. ಅದರಲ್ಲಿನ ಒಂದೇ ಪ್ರಸಂಗವನ್ನು ಆರಿಸಿಕೊಳ್ಳುವುದು, ಇಲ್ಲವೇ ಮೂಲದ ಆಲೋಚನೆಯನ್ನು ಉಳಿಸಿಕೊಂಡು ಕಥೆಯನ್ನೇ ಪೂರ್ತಿ ಬದಲಾಯಿಸುವುದು ಬೇರೆ ಮಾತು ಎಂಬುದು ಅವರ ಅಭಿಪ್ರಾಯದ ಸಾರ. ಯಕ್ಷಗಾನದ ಮೇಳಗಳು ಮಹಾಭಾರತವನ್ನು ಇಡಿಯಾಗಿ ಆಡದೆ ಒಂದು ಪ್ರಸಂಗವನ್ನು ಎತ್ತಿಕೊಳ್ಳುವುದನ್ನು ಬಲ್ಲ ನಮಗೆ ಇದು ಹೊಸ ಮಾತೇನಲ್ಲ. ಸಿನಿಮಾ ಹುಟ್ಟುವುದಕ್ಕೆ ಎರಡು ದಶಕ ಮೊದಲೇ ಬರೆದ ಈ ಸಲಹೆ, ಮುಂದೆ ಬಂದ ದಾಸ್ತೋವ್‌ಸ್ಕಿ ಚಿತ್ರಗಳ ಗೆಲುವು ಸೋಲುಗಳನ್ನು ಅಚ್ಚರಿಯಾಗುವಷ್ಟು ಚೆನ್ನಾಗಿ ವಿವರಿಸುತ್ತದೆ.

ಮೊದಲ ದಾರಿಗೆ ಪಿರ್ಯೆವ್ ಅವರ ‘ಇಡಿಯಟ್’ ಉದಾಹರಣೆ. ಕಾದಂಬರಿಯ ಮೊದಲ ಭಾಗ ನಡೆಯುವುದು ಒಂದೇ ದಿನದಲ್ಲಿ: ಬೆಳಗ್ಗೆ ರೈಲಿನಲ್ಲಿ ನಾಯಕ ಮಿಶ್ಕಿನ್ ಮತ್ತು ರೊಗೋಜಿನ್ ಭೇಟಿಯಾಗುತ್ತಾರೆ, ರಾತ್ರಿ ನಸ್ತಾಸ್ಯಾ ಫಿಲಿಪೊವ್ನಾ ಒಂದು ಲಕ್ಷ ರೂಬಲ್‌ಗಳ ಕಟ್ಟನ್ನು ಬೆಂಕಿಗೆ ಎಸೆಯುತ್ತಾಳೆ. ಯೂರಿ ಯಾಕೊವ್ಲೆವ್ ಮಿಶ್ಕಿನ್ ಆಗಿ, ಯೂಲಿಯಾ ಬೊರಿಸೊವಾ ನಸ್ತಾಸ್ಯಾ ಆಗಿ ಇಲ್ಲಿ ಜೀವ ಸುಟ್ಟುಕೊಂಡು ನಟಿಸಿದ್ದಾರೆ. ಎರಡನೆಯ ಭಾಗ ಬರಲೇ ಇಲ್ಲ, ಯಾಕೊವ್ಲೆವ್ ಮತ್ತೆ ಆ ಪಾತ್ರಕ್ಕೆ ಒಪ್ಪಲಿಲ್ಲ. ಚಿತ್ರಕ್ಕೆ ಅದರಿಂದ ಲಾಭವೇ ಆಯಿತು ಎಂದು ನನಗನ್ನಿಸುತ್ತದೆ. ಇದೇ ಪಿರ್ಯೆವ್ ಮುಂದೆ ‘ಕರಮಜೋವ್ ಸಹೋದರರು’ ಕಾದಂಬರಿಯನ್ನು ಇಡಿಯಾಗಿ ಕೈಗೆತ್ತಿಕೊಂಡು, ಅದು ಮುಗಿಯುವ ಮೊದಲೇ 1968ರಲ್ಲಿ ತೀರಿಕೊಂಡರು. ದ್ಮಿತ್ರಿ ಮತ್ತು ಇವಾನ್ ಪಾತ್ರಗಳಲ್ಲಿದ್ದ ಮಿಖಾಯಿಲ್ ಉಲ್ಯಾನೊವ್ ಮತ್ತು ಕಿರಿಲ್ ಲವ್ರೊವ್ ಚಿತ್ರವನ್ನು ಪೂರ್ಣಗೊಳಿಸಿದರು. ಬಿಡಿ ದೃಶ್ಯಗಳು ಬಲವಾಗಿವೆ, ಒಟ್ಟು ಚಿತ್ರ ಸಾರಾಂಶದಂತಿದೆ.

ಕಥೆಯನ್ನು ಬೇರೆ ದೇಶಕ್ಕೆ ಸಾಗಿಸಿದರೆ ಮೂಲಕ್ಕೆ ಅನ್ಯಾಯವಾಗುವುದಿಲ್ಲವೇ?

ಅಕಿರಾ ಕುರೊಸಾವಾ ಅವರ ‘ಇಡಿಯಟ್’ (1951) ನೋಡಿದವರು ಹಾಗೆ ಹೇಳಲಾರರು. ಕಥೆ ಜಪಾನಿನ ಹೊಕ್ಕೈಡೊ ದ್ವೀಪಕ್ಕೆ, ಯುದ್ಧ ಮುಗಿದ ಕಾಲಕ್ಕೆ ಸರಿದಿದೆ. ಮಿಶ್ಕಿನ್‌ನ ಸ್ಥಾನದಲ್ಲಿರುವ ಕಮೆದಾ ಯುದ್ಧಾಪರಾಧಿಯೆಂಬ ತಪ್ಪು ಆರೋಪದ ಮೇಲೆ ಗುಂಡಿಗೆ ಗುರಿಯಾಗಬೇಕಿದ್ದವನು, ಕೊನೆಯ ಗಳಿಗೆಯಲ್ಲಿ ಉಳಿದುಕೊಂಡವನು. 1849ರಲ್ಲಿ ಗುಂಡಿಟ್ಟು ಕೊಲ್ಲುವ ತಂಡದೆದುರು ನಿಂತು, ಕೊನೆಯ ಕ್ಷಣದಲ್ಲಿ ಕ್ಷಮಾದಾನ ಪಡೆದವರು ಸ್ವತಃ ದಾಸ್ತೋವ್‌ಸ್ಕಿ. ಕಾದಂಬರಿಯಲ್ಲಿ ಮಿಶ್ಕಿನ್ ಕೇಳಿದ್ದಾಗಿ ಹೇಳುವ ಆ ಅನುಭವವನ್ನು ಕುರೊಸಾವಾ ಅವನ ಸ್ವಂತ ಅನುಭವವನ್ನಾಗಿಸಿದರು, ಹೀಗೆ ಪಾತ್ರವು ತನ್ನ ಲೇಖಕನಿಗೆ ಇನ್ನೂ ಹತ್ತಿರವಾಯಿತು. 265 ನಿಮಿಷಗಳಿದ್ದ ಚಿತ್ರವನ್ನು ಶೊಚಿಕು ಸಂಸ್ಥೆ 166 ನಿಮಿಷಕ್ಕೆ ಕತ್ತರಿಸಿತು. ಹಾಗಿದ್ದರೆ ಫಿಲ್ಮನ್ನು ಉದ್ದಕ್ಕೇ ಸೀಳಿಬಿಡಿ ಎಂದು ಕುರೊಸಾವಾ ಸಿಡಿದರಂತೆ. ಈಗ ನಾವು ನೋಡುವುದು ಆ ಕತ್ತರಿಸಿದ ಪ್ರತಿಯನ್ನೇ, ಆದ್ದರಿಂದ ಆರಂಭದ ಭಾಗದಲ್ಲಿ ಬರಹದ ಫಲಕಗಳು ಬಂದು ಕಥೆ ಹೇಳುತ್ತವೆ.

ಫಿನ್ಲೆಂಡಿನ ಅಕಿ ಕೌರಿಸ್ಮಾಕಿ ತಮ್ಮ ಮೊದಲ ಕಥಾಚಿತ್ರವಾಗಿ 1983ರಲ್ಲಿ ‘ಅಪರಾಧ ಮತ್ತು ಶಿಕ್ಷೆ’ಯನ್ನೇ ಆರಿಸಿಕೊಂಡು, ಕೊಲೆ ಮಾಡುವ ನಾಯಕ ರಸ್ಕೋಲ್ನಿಕೊವ್‌ನನ್ನು ಹೆಲ್ಸಿಂಕಿಯ ಕಸಾಯಿಖಾನೆಯ ಕೆಲಸಗಾರನನ್ನಾಗಿಸಿದರು.

ರಷ್ಯಾದಲ್ಲೇ ಆದ ‘ಅಪರಾಧ ಮತ್ತು ಶಿಕ್ಷೆ’ಗಳಲ್ಲಿ ಯಾವುದು?

ಲೆವ್ ಕುಲಿಜಾನೊವ್ ಅವರ 1970ರ ಕಪ್ಪುಬಿಳುಪು ಚಿತ್ರ. ಗಿಯೊರ್ಗಿ ತರತೋರ್ಕಿನ್ ಅವರ ರಸ್ಕೋಲ್ನಿಕೊವ್ ಮತ್ತು ಇನೊಕೆಂತಿ ಸ್ಮೊಕ್ತುನೊವ್‌ಸ್ಕಿ ಅವರ ತನಿಖಾಧಿಕಾರಿ ಪೊರ್ಫಿರಿ ಎದುರಾಗುವ ದೃಶ್ಯಗಳಿಗಾಗಿಯೇ ಅದನ್ನು ನೋಡಬೇಕು.

ಭಾರತದಲ್ಲಿ ಇಂಥ ಪ್ರಯತ್ನಗಳು ಆಗಿವೆಯೇ?

ಆಗಿವೆ, ಹೆಚ್ಚಿನವು ದಾಸ್ತೋವ್‌ಸ್ಕಿಯ ಸುತ್ತಲೇ. ಮಣಿ ಕೌಲ್ ಅವರು 1990ರ ದಶಕದ ಆರಂಭದಲ್ಲಿ ದೂರದರ್ಶನಕ್ಕಾಗಿ ‘ಇಡಿಯಟ್’ ಕಾದಂಬರಿಯನ್ನು ‘ಅಹಮಕ್’ ಎಂಬ ಹೆಸರಿನಲ್ಲಿ ನಾಲ್ಕು ಕಂತುಗಳಾಗಿ ಮಾಡಿದರು. ಮಿಶ್ಕಿನ್‌ಗೆ ಸಮನಾದ ಪಾತ್ರದಲ್ಲಿ ಅಯೂಬ್ ಖಾನ್ ದಿನ್, ರೊಗೋಜಿನ್‌ಗೆ ಸಮನಾದ ರಘುಜನ್ ಪಾತ್ರದಲ್ಲಿ ಇನ್ನೂ ತಾರೆಯಾಗಿರದ ಶಾರುಖ್ ಖಾನ್. ಕೌಲ್ ಅವರ ಚಿತ್ರಗಳು ಯಾರಿಗೂ ಸುಲಭಕ್ಕೆ ದಕ್ಕುವಂಥವಲ್ಲ, ಇದೂ ಅಷ್ಟೇ: ಪಾತ್ರಗಳು ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತ ಚೌಕಟ್ಟಿನೊಳಕ್ಕೂ ಹೊರಕ್ಕೂ ಓಡಾಡುತ್ತವೆ. ಆದರೆ ದಾಸ್ತೋವ್‌ಸ್ಕಿಯ ಮನೆಗಳಲ್ಲಿ ಸದಾ ಇರುವ ಗದ್ದಲವನ್ನು ಹೀಗೆ ಹಿಡಿದವರು ಕಡಿಮೆ.

‘ಬಿಳಿ ರಾತ್ರಿಗಳು’ ಕಾದಂಬರಿಯಲ್ಲ, ನೀಳ್ಗತೆ. ಆದರೂ ಈ ಪಟ್ಟಿಯಲ್ಲಿ ಅದನ್ನು ಬಿಡಲಾಗದು. ಇಟಲಿಯಲ್ಲಿ ವಿಸ್ಕೊಂತಿ (1957), ಫ್ರಾನ್ಸಿನಲ್ಲಿ ಬ್ರೆಸೊನ್ (1971), ತಮಿಳಿನಲ್ಲಿ ಜನನಾಥನ್ ಅವರ ‘ಇಯರ್ಕೈ’ (2003), ಹಿಂದಿಯಲ್ಲಿ ಸಂಜಯ್ ಲೀಲಾ ಭನ್ಸಾಲಿ ಅವರ ‘ಸಾವರಿಯಾ’ (2007) ಇವೆಲ್ಲ ಅದೇ ಕಥೆಯ ಕವಲುಗಳು. ಒಬ್ಬ ಒಂಟಿ ಯುವಕ, ಬೇರೊಬ್ಬನಿಗಾಗಿ ಕಾಯುತ್ತಿರುವ ಒಬ್ಬ ಹುಡುಗಿ, ಕೆಲವೇ ರಾತ್ರಿಗಳು. ಇಷ್ಟು ಹಗುರವಾದ ಕಥೆ ಯಾವ ಊರಿಗೆ ಬೇಕಾದರೂ ಹೊಂದಿಕೊಳ್ಳುತ್ತದೆ.

‘ಡಾಕ್ಟರ್ ಜಿವಾಗೊ’ ರಷ್ಯಾದಲ್ಲಿ ಚಿತ್ರಿತವಾಯಿತೇ?

ಇಲ್ಲ, ಸಾಧ್ಯವೂ ಇರಲಿಲ್ಲ. ಪಾಸ್ತರ್ನಾಕ್ ಅವರ ಕಾದಂಬರಿ 1957ರಲ್ಲಿ ಇಟಲಿಯಲ್ಲಿ ಮೊದಲು ಪ್ರಕಟವಾಯಿತು, ಮರುವರ್ಷ ಬಂದ ನೊಬೆಲ್ ಪ್ರಶಸ್ತಿಯನ್ನು ಅವರು ಒತ್ತಡಕ್ಕೆ ಮಣಿದು ನಿರಾಕರಿಸಬೇಕಾಯಿತು, ತಾಯ್ನಾಡಿನಲ್ಲಿ ಪುಸ್ತಕ ಬೆಳಕು ಕಂಡದ್ದು 1988ರಲ್ಲಿ. ಹಾಗಾಗಿ ಡೇವಿಡ್ ಲೀನ್ 1965ರ ಚಿತ್ರಕ್ಕಾಗಿ ಮಾಸ್ಕೋದ ಬೀದಿಗಳನ್ನು ಸ್ಪೇನ್‌ನಲ್ಲಿ ಮ್ಯಾಡ್ರಿಡ್ ಬಳಿ ಕಟ್ಟಿಸಿದರು. ಹಿಮಗಟ್ಟಿದ ಮನೆಯ ಆ ಪ್ರಸಿದ್ಧ ದೃಶ್ಯದಲ್ಲಿ ಮಂಜಿನಂತೆ ಹೊಳೆಯುವುದು ಮೇಣ. ಐದು ಆಸ್ಕರ್‌ಗಳು ಬಂದವು. ರಷ್ಯಾದಲ್ಲಿ ಅದು ತೆರೆಕಂಡದ್ದು 1994ರಲ್ಲಿ. ಕ್ರಾಂತಿಯ ಬಗ್ಗೆ ಒಬ್ಬ ಕವಿಯ ಗೊಂದಲವನ್ನು ಹುಡುಕುವವರಿಗೆ ಈ ಚಿತ್ರ ನಿರಾಶೆ ತರಬಹುದು. ಮರಿಸ್ ಜಾರ್ ಅವರ ಸಂಗೀತ ಮಾತ್ರ ವಾರಗಟ್ಟಲೆ ಕಿವಿಬಿಡುವುದಿಲ್ಲ. ಅಲೆಕ್ಸಾಂದರ್ ಪ್ರೊಶ್ಕಿನ್ ಅವರ ರಷ್ಯನ್ ಧಾರಾವಾಹಿ (2006) ಇದಕ್ಕಿಂತ ಮಸುಕಾಗಿದೆ, ಅಷ್ಟೇ ಪ್ರಾಮಾಣಿಕವಾಗಿದೆ.

ಈ ಕಾದಂಬರಿಗಳಿಗೆ ಚಲನಚಿತ್ರ ಒಗ್ಗುವುದೇ, ಧಾರಾವಾಹಿಯೇ?

ಇವುಗಳಲ್ಲಿ ಹಲವು ಓದುಗರನ್ನು ಮೊದಲು ತಲುಪಿದ್ದೇ ಕಂತುಗಳಾಗಿ. ‘ಅಪರಾಧ ಮತ್ತು ಶಿಕ್ಷೆ’, ‘ಇಡಿಯಟ್’, ‘ಕರಮಜೋವ್ ಸಹೋದರರು’ ಎಲ್ಲವೂ ‘ರೂಸ್ಕಿ ವೆಸ್ತ್‌ನಿಕ್’ನಲ್ಲೇ ಬಂದವು, ಮುಂದಿನ ಸಂಚಿಕೆಗೆ ಓದುಗರನ್ನು ಕಾಯಿಸುವ ಕಲೆ ಅವುಗಳ ರಚನೆಯೊಳಗೇ ಇದೆ. ಬೊರ್ತ್‌ಕೊ ಇದನ್ನು ಅರಿತಿದ್ದರು. ಅವರ ‘ಇಡಿಯಟ್’ ಸಂಭಾಷಣೆಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು, ಮಿಶ್ಕಿನ್ ಪಾತ್ರದ ಯೆವ್ಗೆನಿ ಮಿರೊನೊವ್ ಅವರ ಮುಖದ ಮೇಲೆ ಭಾರ ಹಾಕಿತು. 2004ರಲ್ಲಿ ಇಬ್ಬರಿಗೂ ಸೊಲ್ಜೆನಿತ್ಸಿನ್ ಸಾಹಿತ್ಯ ಪ್ರಶಸ್ತಿ ಸಂದಿತು. ಟೀವಿ ಧಾರಾವಾಹಿಗೆ ಸಾಹಿತ್ಯ ಪ್ರಶಸ್ತಿ! ಬಿಬಿಸಿ 1972ರಲ್ಲಿ ಆಂಥೊನಿ ಹಾಪ್ಕಿನ್ಸ್ ಅವರನ್ನು ಪಿಯರ್ ಆಗಿಸಿ ಇಪ್ಪತ್ತು ಕಂತುಗಳಲ್ಲಿ ‘ಯುದ್ಧ ಮತ್ತು ಶಾಂತಿ’ ಮಾಡಿತು, 2016ರಲ್ಲಿ ಆಂಡ್ರ್ಯೂ ಡೇವಿಸ್ ಅದನ್ನೇ ಆರು ಕಂತುಗಳಿಗೆ ಇಳಿಸಿದರು. ಹಳೆಯದು ನಿಧಾನ, ಸ್ಟುಡಿಯೊದ ಗೋಡೆಗಳೂ ಕಾಣುತ್ತವೆ. ಆದರೂ ಪಿಯರ್ ವರ್ಷಗಳ ಉದ್ದಕ್ಕೂ ಬದಲಾಗುವುದನ್ನು ನಂಬಿಸುವುದು ಅದೇ.

ಇದಕ್ಕೆ ತದ್ವಿರುದ್ಧ ಸಾಕ್ಷ್ಯವೂ ಇದೆ. ನಿಕಿತಾ ಮಿಖಾಲ್ಕೊವ್ ‘ಒಬ್ಲೊಮೊವ್’ ಕಾದಂಬರಿಯಿಂದ 1979ರಲ್ಲಿ ತೆಗೆದ ಎರಡೂವರೆ ಗಂಟೆಯ ಚಿತ್ರ, ಹಾಸಿಗೆ ಬಿಟ್ಟೇಳದ ನಾಯಕನ ಬದುಕಿನ ಕೆಲವೇ ದಿನಗಳನ್ನು ಆರಿಸಿಕೊಂಡು ಇಡೀ ಪುಸ್ತಕದ ಮೃದುತ್ವವನ್ನು ತರುತ್ತದೆ. ಒಲೆಗ್ ತಬಕೊವ್ ಅವರ ಒಬ್ಲೊಮೊವ್‌ನನ್ನು ಬೈಯಲು ಮನಸ್ಸು ಬಾರದು.

ಲೇಖಕನ ದನಿಯನ್ನು ತೆರೆಗೆ ತರುವುದು ಹೇಗೆ?

ಗೊಗೊಲ್ ವಿಷಯದಲ್ಲಿ ಈ ತೊಡಕು ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ‘ಸತ್ತ ಆತ್ಮಗಳು’ ಕೃತಿಯ ಸ್ವಾರಸ್ಯ ನಡೆಯುವ ಘಟನೆಗಳಿಗಿಂತ ಅವನ್ನು ಹೇಳುವವನ ಓರೆನೋಟದಲ್ಲಿದೆ. ಮಿಖಾಯಿಲ್ ಶ್ವೈತ್ಸೆರ್ ತಮ್ಮ ಐದು ಕಂತುಗಳ 1984ರ ರೂಪದಲ್ಲಿ ಲೇಖಕನನ್ನೇ ಒಂದು ಪಾತ್ರವಾಗಿ ತಂದು, ಅವನ ಬಾಯಿಂದಲೇ ಆ ಮಾತುಗಳನ್ನು ಆಡಿಸಿದರು. ಮೊದಮೊದಲು ಕೃತಕವೆನ್ನಿಸಿದರೂ ಎರಡನೆಯ ಕಂತಿನ ಹೊತ್ತಿಗೆ ಕಣ್ಣು ಅವನನ್ನೇ ಹುಡುಕತೊಡಗುತ್ತದೆ.

ಕನ್ನಡದಲ್ಲಿ ಓದಿ ನಂತರ ಚಿತ್ರ ನೋಡಲು ಸಾಧ್ಯವೇ?

ಸಾಧ್ಯ. ದೇ. ಜವರೇಗೌಡರು ಟಾಲ್‌ಸ್ಟಾಯ್ ಅವರ ಮುಖ್ಯ ಕಾದಂಬರಿಗಳನ್ನು ಕನ್ನಡಕ್ಕೆ ತಂದಿದ್ದಾರೆ, ಓ. ಎಲ್. ನಾಗಭೂಷಣ ಸ್ವಾಮಿಯವರ ‘ಯುದ್ಧ ಮತ್ತು ಶಾಂತಿ’ ಇತ್ತೀಚಿನದು. ಇಡೀ ಪುಸ್ತಕ ಮುಗಿಸಿಯೇ ಚಿತ್ರಕ್ಕೆ ಕೂರಬೇಕೆಂಬ ನಿಯಮವೇನಿಲ್ಲ. ಬೊಂದಾರ್ಚುಕ್ ಅವರ ಭಾಗಗಳು ಕಾದಂಬರಿಯ ಕ್ರಮವನ್ನೇ ಅನುಸರಿಸುವುದರಿಂದ ಓದು ಮತ್ತು ನೋಟಗಳನ್ನು ಜೊತೆಜೊತೆಗೆ ನಡೆಸಿಕೊಂಡು ಹೋಗಬಹುದು.

ನೋಡುತ್ತಿರುವ ಪ್ರತಿ ಪೂರ್ಣವಾದುದೇ ಎಂದು ತಿಳಿಯುವುದು ಹೇಗೆ?

ಅವಧಿಯನ್ನು ನೋಡಿ. ಬೊಂದಾರ್ಚುಕ್ ಚಿತ್ರದ ನಾಲ್ಕು ಭಾಗಗಳು ಸೇರಿ ಈಗ ಸಿಗುವ ಪ್ರತಿಯಲ್ಲಿ ಸುಮಾರು ಏಳು ಗಂಟೆ ಹನ್ನೊಂದು ನಿಮಿಷವಿರಬೇಕು. 1968ರಲ್ಲಿ ಅಮೆರಿಕಕ್ಕಾಗಿ ಇಂಗ್ಲಿಷ್ ಮಾತು ಕೂಡಿಸಿ ಸುಮಾರು ಆರು ಗಂಟೆಗೆ ಇಳಿಸಿದ ಪ್ರತಿಯೂ ಉಂಟು, ಅದನ್ನು ಬಿಟ್ಟುಬಿಡಿ. ಮೊಸ್‌ಫಿಲ್ಮ್ ಸಂಸ್ಥೆ ತನ್ನ ಹಳೆಯ ಚಿತ್ರಗಳಲ್ಲಿ ಅನೇಕವನ್ನು ತನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಉಚಿತವಾಗಿ ಇರಿಸಿದೆ. ಅಡಿಬರಹ ಇಂಗ್ಲಿಷಿನಲ್ಲಿರುತ್ತದೆ, ಕೆಲವು ಕಡೆ ಅವಸರದ ಅನುವಾದವೂ ಹೌದು. ಆದರೆ ಮೂಲ ರಷ್ಯನ್ ದನಿಗಳನ್ನು ಕೇಳುತ್ತ ನೋಡಬೇಕೆಂದರೆ ಅದೇ ಸುಲಭದ ದಾರಿ.